ನಸುಕಿನ ಕೆಮ್ಮು, ಎದೆಯ ಸಿಳ್ಳೆ

ಪ್ರಶ್ನೆ: ಹಗಲೆಲ್ಲ ಆಡಿಕೊಂಡಿರುವ ಮಗು ರಾತ್ರಿ ಕೆಮ್ಮಿ ಏದುಸಿರು ಬಿಡುವುದೇಕೆ? ಇನ್‌ಹೇಲರ್ ಚಟವಾಗುವುದಿಲ್ಲವೇ?

ಉತ್ತರ: ಮತ್ತೆ ಮತ್ತೆ ಹೀಗಾಗುತ್ತಿದ್ದರೆ ಬರೀ ಶೀತವೆಂದು ಸುಮ್ಮನಿರಬೇಡಿ, ಅಸ್ತಮಾ ಇರಬಹುದು. ರಾತ್ರಿ ಕಾರ್ಟಿಸಾಲ್, ಅಡ್ರಿನಲಿನ್ ತಗ್ಗುವುದರಿಂದ ಬೆಳಗಿನ ಜಾವ 4ರ ಸುಮಾರಿಗೆ ಎಲ್ಲರ ಶ್ವಾಸನಾಳಗಳೂ ತುಸು ಕಿರಿದಾಗುತ್ತವೆ. ಮೊದಲೇ ಊದಿಕೊಂಡ ನಾಳಕ್ಕೆ ಅಷ್ಟೇ ಸಾಕು, ಉಸಿರು ಬಿಡುವಾಗ ಸಿಳ್ಳೆ ಕೇಳುತ್ತದೆ. ಮಲಗುವ ಕೋಣೆಯಲ್ಲಿ ಸೊಳ್ಳೆಬತ್ತಿಯ ಹೊಗೆಯೂ ಇದ್ದರೆ ಕೇಳುವುದೇ ಬೇಡ. ಕೆಮ್ಮಿನ ಸಿರಪ್ ಈ ಊತವನ್ನು ಇಳಿಸದು. 2 ವರ್ಷದೊಳಗಿನವರಿಗೆ ಅದನ್ನು ಕೊಡಬಾರದೆಂದು ಕೇಂದ್ರ ಸರ್ಕಾರವೇ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ.

ಇನ್‌ಹೇಲರ್ ಚಟ ಹಿಡಿಸುವುದಿಲ್ಲ, ಅದರಲ್ಲಿ ಔಷಧದ ಪ್ರಮಾಣವೂ ಕಡಿಮೆ. ಉಬ್ಬಸಕ್ಕೆ ಕೊಡುವ ಸಾಲ್ಬುಟಮಾಲ್‌ನ ಒಂದು ಪಫ್‌ನಲ್ಲಿರುವುದು 100 ಮೈಕ್ರೋಗ್ರಾಂ. ಅದೇ ಔಷಧದ ಸಿರಪ್ಪಿನ 5 ಮಿಲಿಲೀಟರ್‌ನಲ್ಲಿ 2 ಮಿಲಿಗ್ರಾಂ, ಅಂದರೆ 20 ಪಟ್ಟು, ಅದೂ ಮೈಯೆಲ್ಲ ಸುತ್ತಿ ಎದೆಗೆ ತಲುಪಬೇಕು. ಆದರೆ ಪಫ್ ನಾಳವನ್ನು ಆ ಹೊತ್ತಿಗೆ ಸಡಿಲಿಸುತ್ತದೆ, ಅಷ್ಟೆ. ರಾತ್ರಿಯ ಕೆಮ್ಮು ಮರುಕಳಿಸುತ್ತಿದ್ದರೆ ಊತ ಇಳಿಸುವ ಸ್ಟೆರಾಯ್ಡ್ ಇನ್‌ಹೇಲರನ್ನು ವೈದ್ಯರು ಹೇಳಿದಷ್ಟು ದಿನ, ಸ್ಪೇಸರ್ ಎಂಬ ಕೊಳವೆ ಜೋಡಿಸಿ, ಬಿಡದೆ ಕೊಡಬೇಕು; ನಾಲ್ಕು ದಿನಕ್ಕೆ ಗೆಲುವಾಯಿತೆಂದು ನಿಲ್ಲಿಸುವುದೇ ದೊಡ್ಡ ತಪ್ಪು. ರಾತ್ರಿ ಕೆಮ್ಮೆಲ್ಲ ಅಸ್ತಮಾವಲ್ಲ, ಮೂಗಿನ ಹಿಂದೆ ಇಳಿಯುವ ಸಿಂಬಳದಿಂದಲೂ ಬರುತ್ತದೆ ನಿಜ. ಅದನ್ನು ತೀರ್ಮಾನಿಸಲೆಂದೇ ಮಕ್ಕಳ ವೈದ್ಯರಿದ್ದಾರೆ. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಮಾತು ತುಂಡಾದರೆ, ತುಟಿ ನೀಲಿಯಾದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಕರೆದೊಯ್ಯಿರಿ.