ಫ್ಯಾನ್ ಬಂದ್ ಮಾಡ್ರಿ ಮೇಡಂ: ಚಪ್ಪಟೆ ಚಾವಣಿಯ ಬಿಸಿ ಮತ್ತು ಒಂದು ಉಷ್ಣ ಪಾಠ

ಕಲಬುರಗಿ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನನ್ನ ಇಂಟರ್ನ್‌ಶಿಪ್ ನಡೆಯಿತು. ಮಾರ್ಚ್ ಮೊದಲ ವಾರ, 7ನೇ ತರಗತಿ, ಬಿಸಿಯೂಟದ ನಂತರದ ಅವಧಿ, ಘಟಕ ಉಷ್ಣ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ದಿನಾ ಒಂದೇ ಮಾತು ಹೇಳುತ್ತಿದ್ದಳು: "ಫ್ಯಾನ್ ಬಂದ್ ಮಾಡ್ರಿ ಮೇಡಂ." ಅಂಥ ಸೆಕೆಯಲ್ಲಿ ಫ್ಯಾನ್ ಬೇಡವೆಂದರೆ ಮಕ್ಕಳು ನಗದೆ ಇರುತ್ತಾರೆಯೇ? ನಾನೂ ಅದನ್ನು ತಮಾಷೆ ಎಂದೇ ತಿಳಿದೆ. ಮೂರನೇ ದಿನ ಅವಳೇ ಎದ್ದು ಹೋಗಿ ಸ್ವಿಚ್ ಆರಿಸಿದಳು. ಅಂದು ಸಂಜೆ ನನ್ನ ದಿನಚರಿಯಲ್ಲಿ "ಗಮನ ಕಡಿಮೆ, ಶಿಸ್ತಿನ ಕೊರತೆ" ಎಂದು ಬರೆದೆ.

ಮರುದಿನ ಪಾಠ ವೀಕ್ಷಣೆಗೆ ಬಂದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಕೊನೆಯ ಬೆಂಚಿನಲ್ಲಿ ಕುಳಿತರು. ಹದಿನೈದು ನಿಮಿಷವೂ ಆಗಿರಲಿಲ್ಲ, ಕುರ್ಚಿ ಎತ್ತಿಕೊಂಡು ಮುಂದೆ ಬಂದರು. ವೀಕ್ಷಣಾ ಪುಸ್ತಕದಲ್ಲಿ ಪ್ರಶ್ನೆ ಕೇಳುವ ಕೌಶಲ, ಕಪ್ಪುಹಲಗೆ ಬಳಕೆ ಎಲ್ಲದಕ್ಕೂ ಒಳ್ಳೆಯ ಅಭಿಪ್ರಾಯವೇ ಇತ್ತು. ಕೊನೆಯಲ್ಲಿ ಮಾತ್ರ ಒಂದು ಸಾಲು: "ನೀವು ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕೂತು ನೋಡಿ."

ಕೂತು ನೋಡಿದೆ. ಫ್ಯಾನ್ ತಿರುಗಿದಷ್ಟೂ ನೆತ್ತಿಯ ಮೇಲೆ ಬಿಸಿಗಾಳಿ ಸುರಿಯುತ್ತಿತ್ತು.

ಕಾರಣ ಹುಡುಕಲು ಕಟ್ಟಡವನ್ನು ಸ್ವಲ್ಪ ತಿಳಿಯಬೇಕು. ನಮ್ಮ ತರಗತಿ ಮೇಲಂತಸ್ತಿನದು, ನೆತ್ತಿಯ ಮೇಲೆ ನೇರ ಆರ್‌ಸಿಸಿ ಸ್ಲ್ಯಾಬ್. ಹಿಂದೆ ಅದೊಂದು ದೊಡ್ಡ ಹಾಲ್. ಆಮೇಲೆ ನಡುವೆ ಗೋಡೆ ಎಬ್ಬಿಸಿ ಉತ್ತರದ ಅರ್ಧವನ್ನು ಕಂಪ್ಯೂಟರ್ ಕೋಣೆ ಮಾಡಿ, ಅದಕ್ಕೆ ಫಾಲ್ಸ್ ಸೀಲಿಂಗ್ ಹಾಕಿದ್ದಾರೆ. ನಡುಗೋಡೆ ಸ್ಲ್ಯಾಬಿನವರೆಗೆ ಹೋಗಿಲ್ಲ, ಒಂದೂವರೆ ಅಡಿ ಕೆಳಗೇ ನಿಂತಿದೆ. ಆ ಸಂದನ್ನು ಪ್ಲೈವುಡ್ ಹಲಗೆಗಳಿಂದ ಮುಚ್ಚಿದ್ದರು. ಕಂಪ್ಯೂಟರ್ ಕೋಣೆ ಕಾಯುತ್ತದೆಂದು ಯಾರೋ ಎರಡು ಹಲಗೆ ತೆಗೆದುಬಿಟ್ಟಿದ್ದಾರೆ, ಗಾಳಿಯಾಡಲಿ ಎಂದು. ಫಾಲ್ಸ್ ಸೀಲಿಂಗಿನ ಮೇಲಿನ ಪೊಳ್ಳಿಗೆ ಪಶ್ಚಿಮದ ಗೋಡೆಯಲ್ಲಿ ಎರಡು ಹಳೆಯ ವೆಂಟಿಲೇಟರ್‌ಗಳಿವೆ. ಪಶ್ಚಿಮದಿಂದ ಗಾಳಿ ಬೀಸಿದಾಗ ಅದು ಪೊಳ್ಳಿನೊಳಗೆ ಹೊಕ್ಕು, ಕಾದ ಸ್ಲ್ಯಾಬಿನ ತಳವನ್ನು ಸವರಿಕೊಂಡು, ಹಲಗೆಯಿಲ್ಲದ ಸಂದಿನಿಂದ ನಮ್ಮ ತರಗತಿಗೆ ಬರುತ್ತಿತ್ತು. ಆ ಸಂದಿನ ಕೆಳಗೇ ಕೊನೆಯ ಬೆಂಚು.

ಕೋಲಿನ ತುದಿಗೆ ಊದುಬತ್ತಿ ಕಟ್ಟಿ, ಮಕ್ಕಳನ್ನು ದೂರ ನಿಲ್ಲಿಸಿ, ಸಂದಿನ ಹತ್ತಿರ ಹಿಡಿದೆ. ಫ್ಯಾನ್ ಆರಿಸಿದಾಗ ಹೊಗೆ ತರಗತಿಯ ಕಡೆ ವಾಲಿ ಸ್ಲ್ಯಾಬಿನ ತಳಕ್ಕೆ ಅಂಟಿಕೊಂಡು ಹರಡಿತು. ಬಿಸಿಗಾಳಿ ಹಗುರ, ಮೇಲೆಯೇ ಉಳಿಯುತ್ತದೆ. ಫ್ಯಾನ್ ಹಾಕಿದ ಕೂಡಲೇ ಅದೇ ಹೊಗೆ ಬೆಂಚಿನ ಕಡೆಗೆ ಇಳಿಯಿತು. ಮೇಲಿನ ಬಿಸಿ ಪದರವನ್ನು ಫ್ಯಾನ್ ಕಲಕಿ ಕೆಳಗೆ ತಳ್ಳುತ್ತಿತ್ತು. ಹುಡುಗಿ ಹೇಳಿದ್ದು ಅಕ್ಷರಶಃ ನಿಜ. ಪ್ರಯೋಗಾಲಯದ ಥರ್ಮಾಮೀಟರ್ ಮಧ್ಯಾಹ್ನ 2:30ಕ್ಕೆ ಮುಂದಿನ ಬೆಂಚಿನಲ್ಲಿ 35, ಕೊನೆಯ ಬೆಂಚಿನಲ್ಲಿ 37, ಸಂದಿನ ಬಾಯಲ್ಲಿ 41 ಡಿಗ್ರಿ ತೋರಿಸಿತು.

"ಬಿಸಿಗಾಳಿ ಮೇಲೇರಿ ವೆಂಟಿಲೇಟರ್ ಮೂಲಕ ಹೊರಹೋಗುತ್ತದೆ" ಎಂದು ನಾವೆಲ್ಲ ಹಲಗೆಯ ಮೇಲೆ ಬಾಣದ ಗುರುತು ಬರೆಯುತ್ತೇವೆ. ಬಾಣದ ಇನ್ನೊಂದು ತುದಿ ಯಾರ ಕೋಣೆಯಲ್ಲಿದೆ ಎಂದು ನನ್ನ ಪಾಠಯೋಜನೆ ಕೇಳಿರಲಿಲ್ಲ.

ಇನ್ನೊಂದು ತಪ್ಪು ಕಲ್ಪನೆಯೂ ನನ್ನಲ್ಲಿತ್ತು: ಗಾಳಿ ಚೆನ್ನಾಗಿ ಆಡಿದರೆ ಚಾವಣಿ ತಣ್ಣಗಾಗುತ್ತದೆ ಎಂಬುದು. ಲೆಕ್ಕ ಮಾಡಿದಾಗ ಅದು ಬಿತ್ತು. ಐದು ಇಂಚು ದಪ್ಪದ ಸ್ಲ್ಯಾಬಿನ ಒಂದು ಚದರ ಮೀಟರ್ ಸುಮಾರು 300 ಕಿಲೋ ತೂಗುತ್ತದೆ. ಅದರ ತಾಪ ಒಂದು ಡಿಗ್ರಿ ಏರಲು ಸುಮಾರು 260 ಕಿಲೋಜೂಲ್ ಉಷ್ಣ ಬೇಕು. ಒಂದು ಘನ ಮೀಟರ್ ಗಾಳಿಗೆ ಸಾಕಾಗುವುದು ಸುಮಾರು 1.2 ಕಿಲೋಜೂಲ್. ಅಂದರೆ ಸ್ಲ್ಯಾಬಿನ ಒಂದೇ ಚದರ ಮೀಟರ್ ಒಂದು ಡಿಗ್ರಿ ತಣಿದರೆ, ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ, ಹತ್ತಡಿ ಎತ್ತರದ ಎರಡು ಕೋಣೆಗಳ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಬಲ್ಲದು. ಅಂಥ ಕೋಣೆಯ ತಲೆಯ ಮೇಲೆ 37 ಚದರ ಮೀಟರ್ ಸ್ಲ್ಯಾಬ್ ಇರುತ್ತದೆ. ಜೊತೆಗೆ ಮಧ್ಯಾಹ್ನದ ನೆತ್ತಿಬಿಸಿಲು ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತಿರುತ್ತದೆ. ಹಗಲಿನ ಗಾಳಿ ಸ್ಲ್ಯಾಬನ್ನು ತಣಿಸಲಾರದು, ಸ್ಲ್ಯಾಬಿನಿಂದ ಇಳಿದ ಬಿಸಿಯನ್ನು ಹೊತ್ತೊಯ್ಯಬಲ್ಲದು ಅಷ್ಟೆ.

ಈ ಲೆಕ್ಕಕ್ಕೆ ಮಕ್ಕಳ ಬಳಿ ನನಗಿಂತ ಒಳ್ಳೆಯ ಪೂರ್ವಜ್ಞಾನವಿತ್ತು. ತಗಡಿನ ಮನೆ, ಸ್ಲ್ಯಾಬಿನ ಮನೆ, ಹಳೆಯ ಮಣ್ಣಿನ ಮಾಳಿಗೆ ಮನೆ, ಮೂರರಲ್ಲೂ ಇರುವವರು ತರಗತಿಯಲ್ಲಿದ್ದರು. "ತಗಡಿನ ಮನಿ ರಾತ್ರಿ ಲಗೂ ತಂಪಾಗ್ತದ್ರಿ, ಸ್ಲ್ಯಾಬಿಂದು ಆಗಲ್ರಿ, ಅದಕ್ಕ ಮ್ಯಾಲ ಮಲಗ್ತೀವ್ರಿ" ಎಂದನೊಬ್ಬ. ತೆಳು ತಗಡಿನಲ್ಲಿ ಉಷ್ಣ ಕೂಡಿಡಲು ಜಾಗವೇ ಇಲ್ಲ, ಬೇಗ ಕಾದು ಬೇಗ ಆರುತ್ತದೆ. ಸ್ಲ್ಯಾಬ್ ಹಗಲಿನ ಬಿಸಿಲನ್ನು ಕೂಡಿಟ್ಟು ಗಂಟೆಗಳ ನಂತರ ಕೆಳಗೆ ಬಿಡುತ್ತದೆ. ವಿಶಿಷ್ಟೋಷ್ಣದ ವ್ಯಾಖ್ಯೆಯಿಂದ ಶುರುಮಾಡಿದ್ದರೆ ಆ ಹುಡುಗ ಬಾಯಿ ತೆರೆಯುತ್ತಿರಲಿಲ್ಲ.

ಇನ್ನು ಪರಿಹಾರ. ಮುಖ್ಯಗುರುಗಳ ಅನುಮತಿ ಪಡೆದು ಎರಡು ಹಲಗೆಗಳನ್ನು ಮತ್ತೆ ಕೂರಿಸಿದೆವು. ಕೊನೆಯ ಬೆಂಚು ಮುಂದಿನ ಬೆಂಚಿನ ಮಟ್ಟಕ್ಕೆ ಬಂತು. ಒಂದು ದಿನದ ಬಿಸಿಲು ಇನ್ನೊಂದು ದಿನ ಇರುವುದಿಲ್ಲವಾದ್ದರಿಂದ, ವರಾಂಡದ ನೆರಳಿನ ತಾಪವನ್ನೂ ಪ್ರತಿದಿನ ಬರೆದುಕೊಂಡು ಅದರೊಂದಿಗೆ ಹೋಲಿಸಿದೆವು. ನನಗೆ ಖುಷಿಯೋ ಖುಷಿ. ಎರಡೇ ದಿನಕ್ಕೆ ಕಂಪ್ಯೂಟರ್ ಕಲಿಸುವ ಗುರುಗಳು ಬಂದು, "ನಿಮ್ಮ ಪ್ರಯೋಗ ಮುಗೀತಾ? ನಮ್ಮ ಕೋಣೆ ಒಲೆಯಾಗಿದೆ" ಎಂದರು. ಪೊಳ್ಳಿಗೆ ಗಾಳಿ ಬರುವ ದಾರಿ ಇತ್ತು, ಹೋಗುವ ದಾರಿಯನ್ನು ನಾವೇ ಮುಚ್ಚಿದ್ದೆವು. ಬಿಸಿ ಫಾಲ್ಸ್ ಸೀಲಿಂಗ್ ಮೂಲಕ ಅವರ ತಲೆಯ ಮೇಲೆ ಇಳಿಯತೊಡಗಿತ್ತು.

ಪೂರ್ವದ ವರಾಂಡದ ಕಡೆ ಕಿಂಡಿ ಬಿಡೋಣವೇ ಎಂದೆ. ಮಕ್ಕಳು ಊಟಕ್ಕೆ ಕೂರುವುದು ಅಲ್ಲಿಯೇ ಎಂದು ಸಹಪಾಠಿಯೊಬ್ಬಳು ನೆನಪಿಸಿದಳು, ಇಲ್ಲದಿದ್ದರೆ ಬಿಸಿಯನ್ನು ಮೂರನೆಯವರಿಗೆ ದಾಟಿಸುತ್ತಿದ್ದೆ. ಉತ್ತರದ ಗೋಡೆಯಾಚೆ ಬಯಲು. ಅಲ್ಲಿ ಇಟ್ಟಿಗೆ ತುಂಬಿ ಮುಚ್ಚಿದ್ದ ಹಳೆಯ ವೆಂಟಿಲೇಟರ್ ಒಂದಿತ್ತು. ಗೌಂಡಿಯನ್ನು ಕರೆಸಿ ಅದನ್ನು ಬಿಡಿಸಿ, ಪಾರಿವಾಳ ಹೊಗದಂತೆ ಜಾಲರಿ ಹೊಡೆಸಿದರು. ಈಗ ಗಾಳಿ ಪಶ್ಚಿಮದಿಂದ ಹೊಕ್ಕು ಉತ್ತರಕ್ಕೆ ಹೋಗುತ್ತದೆ, ಯಾವ ಕೋಣೆಯನ್ನೂ ಮುಟ್ಟದೆ.

ನಮ್ಮ ತರಗತಿಗೆ ಪೊಳ್ಳೇ ಇಲ್ಲ. ಕಾದ ಸ್ಲ್ಯಾಬಿನ ವಿಕಿರಣ ನೇರ ತಲೆಗೆ ಬೀಳುತ್ತದೆ, ಅದನ್ನು ಯಾವ ಕಿಟಕಿಯೂ ತಡೆಯದು. ಅಲ್ಲಿ ಬಿಸಿಲನ್ನೇ ತಿರುಗಿಸಬೇಕು. ನೆರೆಯ ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿ ತಂದದ್ದು ಇದೇ ತತ್ವದ ಮೇಲೆ: ಬಿಳಿ ಮೇಲ್ಮೈ ಬಿಸಿಲಿನ ಹೆಚ್ಚಿನ ಪಾಲನ್ನು ಹಿಂದಕ್ಕೆ ಕಳಿಸುತ್ತದೆ. ನಾವು ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿ, ಹೋಲಿಕೆಗೆಂದು ಅರ್ಧ ಮಾಳಿಗೆಗೆ ಮಾತ್ರ ಬಳಿದೆವು. ಮಧ್ಯಾಹ್ನ ಹೋಗಿ ಮುಟ್ಟಿದಾಗ ಬಿಳಿಯ ಮೇಲೆ ಅಂಗೈ ಊರಿ ಕೂರಬಹುದಿತ್ತು, ಬೂದು ಭಾಗದಿಂದ ಕೈ ತಾನಾಗಿ ಹಿಂದೆ ಬಂತು. ಮಾಳಿಗೆಗೆ ಮಕ್ಕಳನ್ನು ಕರೆದೊಯ್ಯಲಿಲ್ಲ, ಫೋಟೋ ತೋರಿಸಿದೆ.

ಉಳಿದ ಪ್ರಶ್ನೆ ರಾತ್ರಿಯದು. ಹೊರಗಿನ ಗಾಳಿ ತಣ್ಣಗಾದಾಗ ಕೋಣೆಯ ಕಿಂಡಿಗಳು ತೆರೆದಿದ್ದರೆ ಸ್ಲ್ಯಾಬ್ ಕೆಳಗಿನಿಂದಲೂ ಆರುತ್ತದೆ. ಆದರೆ ಶಾಲೆಗೆ ಐದು ಗಂಟೆಗೆ ಬೀಗ ಬೀಳುತ್ತದೆ, ಕಳ್ಳರ ಭಯಕ್ಕೆ ಕಿಟಕಿಗಳೆಲ್ಲ ಮುಚ್ಚುತ್ತವೆ. ಮೇಲಿನ ಜಾಲರಿ ಕಿಂಡಿಗಳನ್ನಾದರೂ ತೆರೆದಿಡಲು ಮುಖ್ಯಗುರುಗಳು ಒಪ್ಪಿದ್ದಾರೆ. ಮಳೆಗಾಲದಲ್ಲಿ ಎರಚಲು ಬಾರದಂತೆ ಹೊರಗೊಂದು ಸಜ್ಜಾ ಬೇಕು, ಅದಕ್ಕೆ ಹಣ ಹೊಂದಿಸಬೇಕಿದೆ.

ದಿನಚರಿಯ ಆ ಸಾಲನ್ನು ಹೊಡೆದುಹಾಕಿಲ್ಲ. ಅದರ ಕೆಳಗೆ 37, 35, 41 ಎಂಬ ಮೂರು ಅಂಕಿಗಳನ್ನು ತಾರೀಖು ಸಹಿತ ಬರೆದು, ಆ ಹುಡುಗಿಗೆ ತೋರಿಸಿದೆ. ಓದಿ ಪುಸ್ತಕ ಹಿಂದಿರುಗಿಸಿದಳು. "ಈಗ ಫ್ಯಾನ್ ಹಾಕ್ರಿ ಮೇಡಂ" ಎಂದಳು.