ಕಿಸೆಯ ಮಡಚುಚೂರಿ: ಹೊಳಪಲ್ಲ, ಕೀಲು ನೋಡಿ

ತೋಟದ ತುದಿಗೆ ತಲುಪಿದ ಮೇಲೆ ನೆನಪಾಗುವ ವಸ್ತುಗಳಲ್ಲಿ ಚೂರಿಗೆ ಮೊದಲ ಸ್ಥಾನ. ಗೊಬ್ಬರದ ಗೋಣಿಯ ಹೊಲಿಗೆ ಬಿಚ್ಚಬೇಕು, ಕಾಳುಮೆಣಸಿನ ಬಳ್ಳಿಗೆ ಕಟ್ಟಿದ ಹಗ್ಗ ಕೊಯ್ಯಬೇಕು, ಗೇರುಗಿಡದ ತೊಟ್ಟೆ ಸೀಳಬೇಕು, ಪೈಪಿನ ತುದಿ ಸರಿಮಾಡಬೇಕು. ಇಷ್ಟಕ್ಕೆಲ್ಲ ದೊಡ್ಡ ಕತ್ತಿ ಎತ್ತಿದರೆ ಕೆಲಸಕ್ಕಿಂತ ಅಪಾಯವೇ ಜಾಸ್ತಿ. ಹಲ್ಲಿನಲ್ಲೇ ಕಚ್ಚಿ ಎಳೆಯುವವರೂ ಇದ್ದಾರೆ ಅನ್ನಿ! ಕಿಸೆಯಲ್ಲೊಂದು ಮಡಚುವ ಚೂರಿ ಇದ್ದರೆ ಈ ಒದ್ದಾಟವಿಲ್ಲ.

ಅಂಗಡಿಗೆ ಹೋದರೆ ಹತ್ತು ನಮೂನೆ ತೋರಿಸುತ್ತಾರೆ. ನಾವು ಮೊದಲು ನೋಡುವುದು ಅಲಗಿನ ಹೊಳಪು, ಆಮೇಲೆ ಕ್ರಯ. ನನ್ನ ಪ್ರಕಾರ ಇವೆರಡೂ ಆಮೇಲಿನ ಮಾತು. ಮೊದಲು ನೋಡಬೇಕಾದ್ದು ಕೀಲು. ಮಡಚುಚೂರಿಯ ದೊಡ್ಡ ಅಪಾಯ ಅಂದರೆ ಕೆಲಸದ ನಡುವೆ ತಾನಾಗಿ ಮಡಚಿಕೊಳ್ಳುವುದು. ಆಗ ನಮ್ಮ ಬೆರಳುಗಳು ಇರುವುದು ಸರಿಯಾಗಿ ಅಲಗಿನ ದಾರಿಯಲ್ಲಿ. ಸುಗ್ಗಿಯ ಹೊತ್ತಿಗೆ ಬಲಗೈ ಬೆರಳಿಗೆ ಹೊಲಿಗೆ ಬಿದ್ದರೆ ಅಡಿಕೆ ಸುಲಿಯುವುದೂ ನಿಂತಿತು, ಹಾಲು ಕರೆಯುವುದೂ ನಿಂತಿತು.

ಅಗ್ಗದ ಚೂರಿಗಳಲ್ಲಿ ಹೆಚ್ಚಿನವಕ್ಕೆ ಬೀಗ ಇರುವುದಿಲ್ಲ. ಬೆನ್ನಿನ ಸ್ಪ್ರಿಂಗಿನ ಒತ್ತಡದಲ್ಲಷ್ಟೇ ಅಲಗು ನಿಲ್ಲುತ್ತದೆ. ಹಗ್ಗ ಎಳೆದು ಕೊಯ್ಯಲು ಇದು ಸಾಕು. ಆದರೆ ಗೋಣಿಗೆ ಚುಚ್ಚುವಾಗ, ಪೈಪಿಗೆ ತೂತು ಮಾಡುವಾಗ ಒತ್ತಡ ಅಲಗಿನ ಬೆನ್ನಿಗೆ ಬಂತೋ, ಮಡಚಿಕೊಂಡಿತು ಅಂತಲೇ ಲೆಕ್ಕ. ತೋಟದ ಕೆಲಸಕ್ಕೆ ಬೀಗ ಇರುವುದೇ ಆಗಬೇಕು.

ಅಂಗಡಿಯಲ್ಲೇ ಪರೀಕ್ಷೆ

ಚೂರಿ ಬಿಡಿಸಿ. ಅಲಗಿನ ಪಕ್ಕಗಳನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ ನೋಡಿ. ಹೊಸದರಲ್ಲೇ ಲಟಲಟ ಅಂದರೆ ಅಲ್ಲಿಗೇ ಬಿಟ್ಟುಬಿಡಿ, ಬಳಸಿದ ಹಾಗೆ ಅದು ಬಿಗಿಯಾಗುವುದಿಲ್ಲ. ನಂತರ ಬೀಗ ಹಾಕಿ ಅಲಗಿನ ಬೆನ್ನನ್ನು ಮರದ ಮೇಜಿನ ಅಂಚಿಗೆ ಒತ್ತಿ. ಹಿಡಿಯನ್ನು ಎರಡು ಪಕ್ಕದಿಂದ ಮಾತ್ರ ಹಿಡಿಯಿರಿ, ಸೀಳಿನ ಎದುರು ಬೆರಳು ಬೇಡ. ಬೀಗ ಜಾರಿತು ಅಂತಾದರೆ ಆ ಚೂರಿ ಬೇಡ. ಮಡಚಿದಾಗ ಅಲಗಿನ ಮೊನೆ ಪೂರ್ತಿ ಹಿಡಿಯೊಳಗೆ ಅಡಗುತ್ತದೋ, ಇಲ್ಲ ಇಣುಕುತ್ತದೋ ಅಂತಲೂ ನೋಡಿ. ಕಿಸೆ ಹರಿಯುವುದು ಮತ್ತೆ, ತೊಡೆಗೆ ತಾಗುವುದು ಮೊದಲು. ಒದ್ದೆ ಕೈಯಲ್ಲಿ ಬಿಡಿಸಿ ನೋಡಿದರೆ ಇನ್ನೂ ಒಳ್ಳೆಯದು. ಅಂಗಡಿಯವರು ಮುಖ ನೋಡಿಯಾರು, ನೋಡಲಿ.

ಫ್ರಾನ್ಸಿನ ರೈತರ ಚೂರಿ

ನನ್ನ ಕಿಸೆಯಲ್ಲಿರುವುದು ಒಪಿನೆಲ್ ಎಂಬ ಚೂರಿ, ಎಂಟನೇ ನಂಬರ್. ಫ್ರಾನ್ಸಿನ ಗುಡ್ಡಗಾಡು ಸವೋಯಿ ಪ್ರದೇಶದಲ್ಲಿ ಜೋಸೆಫ್ ಒಪಿನೆಲ್ ಎಂಬವರು 1890ರಲ್ಲಿ ಮಾಡಲು ತೊಡಗಿದ್ದು. ಅಲ್ಲಿನ ರೈತರು ಅದನ್ನು ಕಿಸೆಯಲ್ಲಿಟ್ಟುಕೊಂಡೇ ಬೆಳೆಸಿದರು. ರಚನೆ ಬಹಳ ಸರಳ. ಬೀಚ್ ಮರದ ಹಿಡಿ, ಅದಕ್ಕೊಂದು ಸೀಳು, ಒಂದು ಅಲಗು, ಒಂದು ಆಣಿ, ಒಂದು ಬಳೆ. ಈ ಬಳೆಯೇ ಬೀಗ. 1955ರಲ್ಲಿ ಸೇರಿಸಿದ್ದು. ತಿರುಗಿಸಿದರೆ ಸೀಳಿಗೆ ಅಡ್ಡ ಬಂದು ಅಲಗನ್ನು ಹಿಂದಕ್ಕೆ ಬಿಡುವುದಿಲ್ಲ. ಈಗಿನವುಗಳಲ್ಲಿ ಮಡಚಿದಾಗಲೂ ಬೀಗ ಹಾಕಬಹುದು. ಕಿಸೆಯಲ್ಲಿ ತಾನಾಗಿ ಬಿಡಿಸಿಕೊಳ್ಳುವ ಹೆದರಿಕೆ ಇಲ್ಲ.

ಅಲಗು ಎಂಟೂವರೆ ಸೆಂಟಿಮೀಟರ್, ಅಂದರೆ ಮೂರೂಕಾಲು ಇಂಚು. ಒಟ್ಟು ತೂಕ 50 ಗ್ರಾಂ ಸಹ ಇಲ್ಲ, ಕಿಸೆಯಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ. ಅಲಗು ತೆಳು, ಹಾಗಾಗಿ ಹಗ್ಗಕ್ಕೆ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತದೆ. ದಪ್ಪ ಅಲಗಿನ 'ಗಟ್ಟಿ' ಚೂರಿಗಳು ಕೊಯ್ಯುವುದಕ್ಕಿಂತ ಸಿಗಿಯುವುದೇ ಹೆಚ್ಚು. ಆದರೆ ತೆಳು ಅಲಗನ್ನು ಸನ್ನೆಗೋಲು ಮಾಡಿ ಡಬ್ಬದ ಮುಚ್ಚಳ ಎಬ್ಬಿಸಹೊರಟರೆ ಮೊನೆ ಮುರಿಯುತ್ತದೆ, ತಪ್ಪು ಚೂರಿಯದ್ದಲ್ಲ.

ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬೇಕೇ? ಇಲ್ಲ. ನಮ್ಮಲ್ಲಿ ಇದಕ್ಕೆ ಒಂದು ದೊಡ್ಡ ಕಷ್ಟವಿದೆ. ಮಳೆಗಾಲ! ಮರದ ಹಿಡಿ ನೀರು ಕುಡಿದು ಉಬ್ಬುತ್ತದೆ. ಸೀಳು ಅಲಗನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಆಟಿ ತಿಂಗಳಲ್ಲಿ ಉಗುರು ಕಿತ್ತುಹೋಗುವಷ್ಟು ಎಳೆದರೂ ಬಾರದು. ಸವೋಯಿಯವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಬಳೆಯ ಬೀಗ ತೆಗೆದು, ಹಿಡಿಯ ಬಾಲವನ್ನು ಮೇಜಿಗೆ ಕುಟ್ಟುತ್ತಾರೆ. ಪೆಟ್ಟಿಗೆ ಅಲಗಿನ ತುದಿ ತುಸು ಹೊರಗೆ ಬರುತ್ತದೆ, ಮತ್ತೆ ಎಳೆದರಾಯಿತು. ತೋಟದಲ್ಲಿ ಮೇಜಿಲ್ಲ, ತೆಂಗಿನ ಬುಡ ಸಾಕು. ಮಳೆಗೆ ಮೊದಲೇ ಹಿಡಿಯನ್ನು ಚೆನ್ನಾಗಿ ಒಣಗಿಸಿ ಅಗಸೆ ಎಣ್ಣೆ ಕುಡಿಸಿದರೆ ಉಬ್ಬುವುದು ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲದು. ಒಲೆಯ ಬೆಂಕಿಗೆ ಹಿಡಿಯಬೇಡಿ, ಹಿಡಿ ಒಡೆದೀತು. ದಿನವಿಡೀ ಮಳೆಯಲ್ಲೇ ಇರುವವರು ಪ್ಲಾಸ್ಟಿಕ್ ಹಿಡಿಯದ್ದನ್ನು ಆರಿಸುವುದು ಲೇಸು. ಅಲಗಿಗೆ ಬೀಗ ಇರುವ ಯಾವ ಕಂಪೆನಿಯದ್ದಾದರೂ ಸರಿ. ಕ್ರಯವೂ ಯೋಚಿಸಬೇಕಾದ್ದೇ. ಸಂತೆಯ ಚೂರಿಯ ಹಲವು ಪಟ್ಟು ಆಗುತ್ತದೆ. ವಾರಕ್ಕೊಮ್ಮೆ ಗೋಣಿ ಬಿಚ್ಚುವವರಿಗೆ ಇಷ್ಟು ಖರ್ಚು ಬೇಡ.

ಉಕ್ಕಿನಲ್ಲಿ ಎರಡು ಬಗೆ. ತುಕ್ಕು ಹಿಡಿಯುವ ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ. ಆದರೆ ಎಳೆ ಅಡಿಕೆ, ಬಾಳೆಕಾಯಿ ಕೊಯ್ದರೆ ಚೊಗರು ತಾಗಿ ಅಲಗೂ ಕಪ್ಪು, ಕೊಯ್ದದ್ದೂ ಕಪ್ಪು. ಕರಾವಳಿ, ಮಲೆನಾಡಿನವರಿಗೆ ಸ್ಟೇನ್‌ಲೆಸ್ ಉಕ್ಕಿನದ್ದೇ ಅನುಕೂಲ. ಒಣ ಸೀಮೆಯವರು ಕಾರ್ಬನ್ ಉಕ್ಕಿನದ್ದನ್ನು ಧೈರ್ಯವಾಗಿ ಕೊಳ್ಳಬಹುದು, ಕೆಲಸ ಮುಗಿದ ಮೇಲೆ ಒರಸಿ ಒಂದು ತೊಟ್ಟು ಎಣ್ಣೆ ಸವರಿದರಾಯಿತು.

ಮಸೆಯುವುದು ಮನೆಯ ಕಲ್ಲಿನಲ್ಲೇ ಆಗಲಿ. ಕೋನ ಎಷ್ಟು ಅಂತ ತಿಳಿಯದವರು ಚೌಕ ಕಾಗದದ ಮೂಲೆಯನ್ನು ಎರಡು ಸಲ ಮಡಚಿ. 90 ಡಿಗ್ರಿ ಇದ್ದದ್ದು 45 ಆಗಿ, 22 ಚಿಲ್ಲರೆಗೆ ಬರುತ್ತದೆ. ಅದಕ್ಕಿಂತ ತುಸು ಕಡಿಮೆ ಓರೆಯಲ್ಲಿ ಎರಡೂ ಬದಿ ಸಮವಾಗಿ ತಿಕ್ಕಿದರೆ ಸರಿ. ಕರೆಂಟಿನ ಗ್ರೈಂಡರಿಗೆ ಕೊಡಬೇಡಿ. ಬಿಸಿಗೆ ಅಂಚು ನೀಲಿಯಾಯಿತು ಅಂತಾದರೆ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಮಸೆದರೂ ಅಷ್ಟು ಜಾಗದಲ್ಲಿ ಹರಿತ ನಿಲ್ಲದು.

ಕಸಿಗೆ ಈ ಚೂರಿ ಬೇಡ. ಕಸಿಚೂರಿಗೆ ಒಂದೇ ಬದಿ ಓರೆ, ಇನ್ನೊಂದು ಬದಿ ಚಪ್ಪಟೆ. ಅದರಿಂದಲೇ ಕೊಯ್ತ ನೇರ ಬರುವುದು. ಗೋಣಿ ಕೊಯ್ದ ಚೂರಿಯಲ್ಲಿ ಕಸಿ ಕಡ್ಡಿ ಕೊಯ್ದರೆ ಗಾಯ ಅಂಕುಡೊಂಕು, ಕೂಡುವುದು ಕಷ್ಟ. ಕೀಲಿನ ಸಂದಿನಲ್ಲಿ ನಿಂತ ಸೊನೆಯಿಂದ ರೋಗ ಗಿಡದಿಂದ ಗಿಡಕ್ಕೆ ದಾಟಲೂಬಹುದು. ಇನ್ನೊಂದು ಮಾತು. ಸ್ಪ್ರಿಂಕ್ಲರಿನ ಹಿತ್ತಾಳೆ ಜೆಟ್ಟಿಗೆ ಕಸ ಸಿಕ್ಕಿದರೆ ಚೂರಿಯ ಮೊನೆ ತುರುಕಬೇಡಿ, ತೂತು ದೊಡ್ಡದಾಗಿ ನೀರಿನ ಲೆಕ್ಕವೇ ತಪ್ಪುತ್ತದೆ. ಹಿಡಿಸೂಡಿಯ ಕಡ್ಡಿ ಸಾಕು.

ಪೊಲೀಸರು ಹಿಡಿದಾರೇ ಅಂತ ಕೇಳುವವರಿದ್ದಾರೆ. ಶಸ್ತ್ರಾಸ್ತ್ರ ನಿಯಮದ ಪಟ್ಟಿಯಲ್ಲಿರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಅದರಲ್ಲೂ ಕೃಷಿಗೆ, ಮನೆಬಳಕೆಗೆ ಮಾಡಿದವಕ್ಕೆ ವಿನಾಯಿತಿ. ಮೂರಿಂಚಿನದ್ದು ಇದರ ಹತ್ತಿರಕ್ಕೂ ಬಾರದು. ಹಾಗಂತ ಜಾತ್ರೆಗೆ, ಕೋರ್ಟಿಗೆ ಕಿಸೆಯಲ್ಲಿಟ್ಟು ಹೋಗಬೇಡಿ. ವಿಮಾನದ ಕೈಚೀಲದಲ್ಲಂತೂ ಬಿಡುವುದೇ ಇಲ್ಲ. ಗುಂಡಿ ಒತ್ತಿದರೆ ಚಿಮ್ಮುವಂಥದ್ದು ನಮ್ಮ ಕೆಲಸಕ್ಕೆ ಬೇಡವೇ ಬೇಡ.

ಕೊಂಡ ದಿನವೇ ಹಿಡಿಯ ಬಾಲಕ್ಕೆ ಸಣ್ಣ ತೂತು ಕೊರೆದು ಕೆಂಪು ದಾರ ಕಟ್ಟಿ. ಮರದ ಹಿಡಿ ಸೋಗೆಯ ಮೇಲೆ ಬಿದ್ದರೆ ಪಕ್ಕದಲ್ಲೇ ಇದ್ದರೂ ಕಣ್ಣಿಗೆ ಕಾಣುವುದಿಲ್ಲ.