ಟೆಲೊಮರೇಸ್ ಜೀನಿನ ಮೌನಭಂಗ

ವರ್ಣತಂತುಗಳ ತುದಿಗಳಲ್ಲಿ ಟಿಟಿಎಜಿಜಿಜಿ ಎಂಬ ಆರು ಪ್ರತ್ಯಾಮ್ಲಗಳ ಕಿರುಮಾಲೆಯು ಮತ್ತೆ ಮತ್ತೆ ಆವರ್ತಿಸಿರುವ ಭಾಗಕ್ಕೆ ಟೆಲೊಮಿಯರ್ ಎಂದು ಹೆಸರು. ಜೀವಕೋಶವು ಒಮ್ಮೆ ವಿಭಜಿಸಿತೆಂದರೆ ಈ ತುದಿಯಲ್ಲಿ ಸುಮಾರು 50ರಿಂದ 200 ಪ್ರತ್ಯಾಮ್ಲಗಳು ಸವೆಯುತ್ತವೆ; ಸವೆತವು ಒಂದು ಮಿತಿಯನ್ನು ಮುಟ್ಟಿದೊಡನೆ ವಿಭಜನೆಯೇ ನಿಂತುಹೋಗುತ್ತದೆ. ಮಾನವ ಕೋಶಗಳ ವಿಭಜನೆಗೆ ಮಿತಿಯುಂಟೆಂಬುದನ್ನು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಅವರು ತೋರಿಸಿಕೊಟ್ಟರು. ಸವೆದುದನ್ನು ಮರಳಿ ತುಂಬಬಲ್ಲ ಕಿಣ್ವವೇ ಟೆಲೊಮರೇಸ್. ಅದನ್ನು 1984ರಲ್ಲಿ ಟೆಟ್ರಹೈಮೀನ ಎಂಬ ಏಕಕೋಶಜೀವಿಯಲ್ಲಿ ಕಂಡವರು ಕ್ಯಾರಲ್ ಗ್ರೈಡರ್ ಮತ್ತು ಎಲಿಜಬೆತ್ ಬ್ಲ್ಯಾಕ್‌ಬರ್ನ್. ಮಾದರಿಯನ್ನೊದಗಿಸುವ ಆರ್‌ಎನ್‌ಎ ಒಂದು, ಆ ಮಾದರಿಗನುಸಾರವಾಗಿ ಡಿಎನ್‌ಎಯನ್ನು ಹೆಣೆಯುವ ಟರ್ಟ್ ಎಂಬ ಪ್ರೋಟೀನು ಮತ್ತೊಂದು. ಇವೆರಡು ಅದರ ಮುಖ್ಯಾಂಗಗಳು.

ಇಷ್ಟನ್ನು ತಿಳಿದುಕೊಂಡವರು ಬಹುಮಟ್ಟಿಗೆ ಎಡವುವುದು ಮುಂದಿನ ಮೆಟ್ಟಿಲಿನಲ್ಲಿ. ಕ್ಯಾನ್ಸರುಗಳಲ್ಲಿ ನೂರಕ್ಕೆ 85ರಿಂದ 90ರಷ್ಟರಲ್ಲಿ ಟೆಲೊಮರೇಸ್ ಕಾರ್ಯಶೀಲವಾಗಿರುತ್ತದೆಂದು ಹೇಳಿದೊಡನೆಯೇ, ಈ ಕಿಣ್ವವೇ ರೋಗದ ಮೂಲವೆಂದೂ, ಆರೋಗ್ಯವಂತರ ಕೋಶಗಳಲ್ಲಿ ಅದರ ಜೀನೇ ಇರಲಾರದೆಂದೂ ಊಹಿಸಿಬಿಡುತ್ತಾರೆ. ವಸ್ತುಸ್ಥಿತಿ ಬೇರೆ. ಟರ್ಟ್ ಜೀನು ಐದನೆಯ ವರ್ಣತಂತುವಿನ ಹ್ರಸ್ವಭುಜದ ತುದಿಗೆ ಸಮೀಪದಲ್ಲಿ, ಚರ್ಮದ ಕೋಶವಾಗಲಿ ಸ್ನಾಯುವಿನ ಕೋಶವಾಗಲಿ, ಎಲ್ಲದರಲ್ಲಿಯೂ ಅಖಂಡವಾಗಿ ನೆಲಸಿದೆ. ಭ್ರೂಣಾವಸ್ಥೆಯ ಆದಿಭಾಗದಲ್ಲಿ ದುಡಿದು, ದೇಹವು ರೂಪುಗೊಂಡಂತೆ ಬಹುತೇಕ ಅಂಗಾಂಶಗಳಲ್ಲಿ ಮೌನವನ್ನು ತಾಳುತ್ತದೆ. 1998ರಲ್ಲಿ ಪ್ರಯೋಗಶಾಲೆಯಲ್ಲಿ ಸಹಜ ಮಾನವ ಕೋಶಗಳೊಳಕ್ಕೆ ಈ ಜೀನಿನ ಕಾರ್ಯಶೀಲ ಪ್ರತಿಯನ್ನು ಸೇರಿಸಿದಾಗ ಅವು ತಮ್ಮ ಮಿತಿಯನ್ನು ದಾಟಿ ವಿಭಜಿಸುತ್ತ ಹೋದುವಲ್ಲದೆ, ಅರ್ಬುದಲಕ್ಷಣಗಳನ್ನೇನೂ ತೋರಲಿಲ್ಲ. ಕೋಶದ ಸ್ವಭಾವವನ್ನು ಕೆಡಿಸುವ ವಿಕಾರಗಳು ಬೇರೆಯೇ ಇವೆ. ಕೆಟ್ಟ ಕೋಶವು ಸಂತತಿಯನ್ನು ಕೊನೆಯಿಲ್ಲದೆ ಬೆಳೆಸಲು ಟೆಲೊಮರೇಸ್ ಬೇಕಾಗುತ್ತದೆ. ಆರ್‌ಎನ್‌ಎ ಭಾಗವಂತೂ ಮೌನಕೋಶಗಳಲ್ಲಿಯೂ ದೊರೆಯುವ ಕಾರಣ, ಟರ್ಟ್ ಜೀನಿನ ಮೌನವು ಮುರಿದುದು ಹೇಗೆಂಬುದೇ ಮುಖ್ಯ ಪ್ರಶ್ನೆಯಾಗುತ್ತದೆ.

ಜೀನಿನ ಮುಂಭಾಗದಲ್ಲಿ, ಅದನ್ನು ಓದತೊಡಗುವ ಯಂತ್ರಾಂಗಗಳು ಬಂದು ಕೂಡುವ ಪ್ರೊಮೋಟರ್ ಎಂಬ ನೆಲೆಯಿದೆ. ಮಿಕ್ ಎಂಬ ಪ್ರೋಟೀನು ಇಲ್ಲಿ ಕುಳಿತರೆ ಜೀನು ಚುರುಕಾಗುತ್ತದೆ. ಅದೇ ಜಾಗಕ್ಕೆ ಮ್ಯಾಡ್ ಎಂಬುದು ಬಂದರೆ ಅಡಗುತ್ತದೆ. ಕ್ಯಾನ್ಸರ್ ಕೋಶಗಳಲ್ಲಿ ಅನೇಕವೇಳೆ ಮಿಕ್ ಅತಿಯಾಗಿರುವುದರಿಂದ, ಈ ಪೈಪೋಟಿಯಲ್ಲೇ ಉತ್ತರವಿದೆಯೆಂದು ಬಹುಕಾಲ ತೋರಿತ್ತು.

2013ರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರನ್ನು ಅಭ್ಯಸಿಸುತ್ತಿದ್ದ ಎರಡು ತಂಡಗಳು ಹೊರಗೆಡಹಿದ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ವಿಸ್ಮಯವಾಗುತ್ತದೆ. ಪ್ರೋಟೀನಿನ ಬರಹ ಮೊದಲಾಗುವ ತಾಣದಿಂದ 124 ಅಥವಾ 146 ಪ್ರತ್ಯಾಮ್ಲಗಳಷ್ಟು ಹಿಂದೆ, ಪ್ರೊಮೋಟರಿನೊಳಗೆ, ಒಂದೇ ಒಂದು ಸೈಟೊಸಿನ್ ಥೈಮಿನ್ ಆಗಿ ಮಾರ್ಪಟ್ಟಿತ್ತು. ಸುಮಾರು 300 ಕೋಟಿ ಪ್ರತ್ಯಾಮ್ಲಗಳ ಜೀನೋಮಿನಲ್ಲಿ ಈ ಒಂದರ ಬದಲಾವಣೆಯಿಂದ, ಈಟಿಎಸ್ ಕುಟುಂಬದ ಪ್ರೋಟೀನುಗಳು ಗುರುತಿಸಬಲ್ಲ ಹೊಸದೊಂದು ಕಿರುಪದವು ಅಲ್ಲಿ ಹುಟ್ಟುತ್ತದೆ. ಆ ಕುಟುಂಬದಲ್ಲಿ ಇಪ್ಪತ್ತಕ್ಕೂ ಮಿಕ್ಕ ಸದಸ್ಯರಿದ್ದರೂ ಇಲ್ಲಿಗೆ ಬಂದು ಕೂಡುವುದು ಜಿಎಬಿಪಿ ಎಂಬುದೆಂದು 2015ರಲ್ಲಿ ಸ್ಪಷ್ಟವಾಯಿತು. ಜಿಎಬಿಪಿಯ ಸಂಯುಕ್ತರೂಪವು ಡಿಎನ್‌ಎಯನ್ನು ಎರಡು ಕಡೆ ಹಿಡಿಯುವಂಥದು. ಪ್ರೊಮೋಟರಿನಲ್ಲಿ ಮೊದಲಿಂದಲೂ ಇದ್ದ ಈಟಿಎಸ್ ತಾಣಗಳಿಗೂ ಹೊಸತಾಗಿ ಹುಟ್ಟಿದ ತಾಣಕ್ಕೂ ನಡುವಣ ಅಂತರವು ಡಿಎನ್‌ಎ ಸುರುಳಿಯ ಸುತ್ತುಗಳ ಲೆಕ್ಕಕ್ಕೆ ಹೊಂದಿಕೊಳ್ಳುವುದರಿಂದ, ತೊಲೆಯಲ್ಲಿ ತಕ್ಕ ದೂರಕ್ಕೆ ಎರಡನೆಯ ಕೊಂಡಿ ಬಿದ್ದೊಡನೆ ತೂಗುಮಣೆಯು ನಿಲ್ಲುವಂತೆ, ಅದು ಅಲ್ಲಿ ನೆಲೆಗೊಳ್ಳುತ್ತದೆ. ಇನ್ನೂ ಸೋಜಿಗದ ವಿಷಯವೆಂದರೆ, ತಾಯಿಯಿಂದಲೂ ತಂದೆಯಿಂದಲೂ ಬಂದ ಎರಡು ಪ್ರತಿಗಳಲ್ಲಿ ಉತ್ಪರಿವರ್ತನೆಗೊಂಡ ಪ್ರತಿಯು ಮಾತ್ರ ಕಾರ್ಯೋನ್ಮುಖವಾಗಿ, ಅದೇ ಕೋಶದ, ಅದೇ ಪ್ರೋಟೀನುಗಳ ನಡುವೆ ಇನ್ನೊಂದು ಪ್ರತಿಯು ಮೊದಲಿನಂತೆ ಸುಮ್ಮನಿರುತ್ತದೆ. ಮಿಕ್ ಪ್ರೋಟೀನಿನ ಪ್ರಾಬಲ್ಯವೊಂದೇ ಕಾರಣವಾಗಿದ್ದರೆ ಎರಡೂ ಎಚ್ಚರಗೊಳ್ಳಬೇಕಾಗಿತ್ತಲ್ಲವೆ?

ಈ ಉತ್ಪರಿವರ್ತನೆಯು ಮೆಲನೋಮಗಳಲ್ಲಿಯೂ ಗ್ಲಯೋಬ್ಲಾಸ್ಟೋಮ ಎಂಬ ಮೆದುಳಿನ ಕ್ಯಾನ್ಸರಿನಲ್ಲಿಯೂ ಬಹುವಾಗಿ ಕಾಣುವುದಾದರೂ, ಸ್ತನದ ಮತ್ತು ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ವಿರಳ. ಅನ್ಯಮಾರ್ಗಗಳೂ ಉಂಟು: ಯಕೃತ್ತಿನ ಕ್ಯಾನ್ಸರಿನಲ್ಲಿ ಹೆಪಟೈಟಿಸ್ ಬಿ ವೈರಸಿನ ಡಿಎನ್‌ಎ ಟರ್ಟ್ ಜೀನಿನ ನೆರೆಯಲ್ಲಿಯೇ ಬಂದು ಸೇರಿಕೊಳ್ಳುವುದುಂಟು, ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮ ವೈರಸಿನ ಇ6 ಪ್ರೋಟೀನು ಈ ಜೀನನ್ನು ಎಚ್ಚರಿಸಬಲ್ಲುದು. ಮಿಥೈಲ್ ಗುಂಪುಗಳು ಅಂಟಿದ ಪ್ರೊಮೋಟರು ಸಾಮಾನ್ಯವಾಗಿ ಜೀನನ್ನು ಅಡಗಿಸುವುದೆಂಬ ಪಾಠವನ್ನು ಕಲಿತವರಿಗೆ, ಟರ್ಟ್ ಪ್ರೊಮೋಟರಿನ ಒಂದು ಭಾಗವು ಅನೇಕ ಕ್ಯಾನ್ಸರುಗಳಲ್ಲಿ ಮಿಥೈಲುಗಳಿಂದ ತುಂಬಿದ್ದೂ ಜೀನು ದುಡಿಯುತ್ತಿರುವುದು ವಿರೋಧಾಭಾಸವೆನಿಸಬಹುದು. ಸಿಟಿಸಿಎಫ್ ಎಂಬ ತಡೆಗಾರ ಪ್ರೋಟೀನು ಜೀನಿನ ಆರಂಭಭಾಗದಲ್ಲಿ ಕೂಡದಂತೆ ಮಿಥೈಲುಗಳೇ ಅಡ್ಡಿಮಾಡುತ್ತವೆಂಬುದು ಇದಕ್ಕೆ ದೊರೆತಿರುವ ಒಂದು ವಿವರಣೆ.

ಟೆಲೊಮರೇಸನ್ನು ದೇಹದಾದ್ಯಂತ ಅಡಗಿಸುವ ಔಷಧವು ರಕ್ತವನ್ನುತ್ಪಾದಿಸುವ ಮೂಲಕೋಶಗಳನ್ನೂ ಬಾಧಿಸೀತು. ಅವಕ್ಕೂ ಅದರ ಆವಶ್ಯಕತೆಯುಂಟು. ಆದಕಾರಣವೇ 2018ರಲ್ಲಿ ಪ್ರಕಟವಾದ ಒಂದು ಸಂಶೋಧನೆಯನ್ನು ಜೀವವಿಜ್ಞಾನದ ವಿದ್ಯಾರ್ಥಿಗಳು ಹುಡುಕಿ ಓದಬೇಕೆಂದು ನಾನು ಕೇಳಿಕೊಳ್ಳುವೆನು. ಜಿಎಬಿಪಿಯ ಘಟಕಗಳಲ್ಲಿ ಒಂದರ ದೀರ್ಘರೂಪವನ್ನು ಮಾತ್ರ ತೆಗೆದುಹಾಕಿದಾಗ, ಪ್ರೊಮೋಟರ್ ಉತ್ಪರಿವರ್ತನೆಯುಳ್ಳ ಗ್ಲಯೋಬ್ಲಾಸ್ಟೋಮ ಕೋಶಗಳ ಟೆಲೊಮಿಯರುಗಳು ಮತ್ತೆ ಸವೆಯತೊಡಗಿದುವು. ಆ ಉತ್ಪರಿವರ್ತನೆಯಿಲ್ಲದ ಕೋಶಗಳಿಗೆ ಅದರಿಂದ ಹಾನಿಯಾಗಲಿಲ್ಲ. ಪ್ರಯೋಗಶಾಲೆಯ ಈ ಫಲವನ್ನು ರೋಗಿಯ ಹಾಸಿಗೆಯವರೆಗೆ ಕೊಂಡೊಯ್ಯಲು, ಪ್ರೋಟೀನುಗಳ ರಚನೆಯನ್ನೂ ಔಷಧರಸಾಯನವನ್ನೂ ಬಲ್ಲ ತರುಣತರುಣಿಯರು ಇನ್ನೂ ಅನೇಕರು ಬೇಕಾಗಿದ್ದಾರೆ.